ಇನ್ನೊಂದು ಕೆಂಪು ಪುಸ್ತಕ

ಕೆಂಪು ಪುಸ್ತಕ ಎಂದೊಡನೆ ಇತಿಹಾಸ ಓದಿದವರಿಗೆ ಮಾವೋ ನೆನಪಾಗುತ್ತಾನೆ. ನಾನು ಹೇಳಹೊರಟಿರುವುದು ಅದಕ್ಕಿಂತ ಏಳು ವರ್ಷ ಮೊದಲೇ ಹುಟ್ಟಿದ, ಕ್ರಾಂತಿಗೂ ಘೋಷಣೆಗೂ ಸಂಬಂಧವಿಲ್ಲದ ಇನ್ನೊಂದು ಕೆಂಪು ಪುಸ್ತಕದ ಕಥೆ. ಪರದೇಶಗಳಲ್ಲಿ ಅಣೆಕಟ್ಟು, ಸುರಂಗ, ಹೆದ್ದಾರಿ, ಬಂದರು ಕಟ್ಟುವವರು ಮೊದಲ ಗುದ್ದಲಿ ಹಾಕುವ ಮುಂಚೆ ಸಹಿ ಮಾಡುವ ಕರಾರಿನ ಪುಸ್ತಕ ಅದು.

ನನ್ನ ತಂಗಿಯ ಮಗ ದೋಹಾದಲ್ಲಿ ಕ್ವಾಂಟಿಟಿ ಸರ್ವೇಯರ್. ಎಷ್ಟು ಘನ ಮೀಟರ್ ಮಣ್ಣು ತೆಗೆದರು, ಎಷ್ಟು ಟನ್ ಕಬ್ಬಿಣ ಬಿತ್ತು ಎಂದು ಅಳೆದು ಬಿಲ್ಲು ಬರೆಯುವ ಕೆಲಸ. ರಜೆಗೆ ಬಂದವನು ಒಂದು ಪುಸ್ತಕವನ್ನು ನಮ್ಮ ಮನೆಯಲ್ಲೇ ಬಿಟ್ಟುಹೋದ. "ಅದರಲ್ಲಿ ನಿಮಗೇನು ಸಿಗುತ್ತದೆ ದೊಡ್ಡಮ್ಮ, ಬರೀ ಕಲಮುಗಳು" ಎಂದು ಫೋನಿನಲ್ಲಿ ನಕ್ಕ. ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ ಅದನ್ನೇ ಓದಿದೆ. ಕಲಮುಗಳೇ ನಿಜ. ಆದರೆ ಒಂದೊಂದು ಕಲಮಿನ ಹಿಂದೆಯೂ ಯಾರದೋ ಜಗಳವಿದೆ, ಯಾರದೋ ನಷ್ಟವಿದೆ. ಹೀಗಾಗಿ ಅದರ ಹಿನ್ನೆಲೆಯನ್ನು ಹುಡುಕಿಕೊಂಡು ಹೋದೆ.

1913ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ವಿಶ್ವ ಪ್ರದರ್ಶನ ನಡೆದಾಗ ಬೆಲ್ಜಿಯಂ, ಫ್ರಾನ್ಸ್ ಮತ್ತು ಸ್ವಿಟ್ಜರ್ಲೆಂಡಿನ ಸಲಹಾ ಎಂಜಿನಿಯರರು ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಮಾಡಿಕೊಂಡರು. ಅದರ ಫ್ರೆಂಚ್ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ಜಗತ್ತೆಲ್ಲ ಅದನ್ನು 'ಫಿಡಿಕ್' ಎನ್ನುತ್ತದೆ. ಮರುವರ್ಷವೇ ಮಹಾಯುದ್ಧ ಬಂತು, ಗೆಂಟ್ ನಗರ ಜರ್ಮನರ ವಶವಾಯಿತು. ಎರಡು ಯುದ್ಧಗಳು ಮುಗಿದು, ಹಾಳಾದದ್ದನ್ನು ಮತ್ತೆ ಕಟ್ಟುವ, ಹೊಸದಾಗಿ ಸ್ವತಂತ್ರವಾದ ದೇಶಗಳು ಅಣೆಕಟ್ಟು ರಸ್ತೆಗಳ ಕನಸು ಕಾಣುವ ಕಾಲ ಬಂದಾಗ ಹೊಸ ತೊಡಕೊಂದು ಎದ್ದಿತು. ಕಟ್ಟಿಸುವವನು ಒಂದು ದೇಶದವನು, ಕಟ್ಟುವವನು ಇನ್ನೊಂದು ದೇಶದವನು, ಸಾಲ ಕೊಡುವವನು ಮೂರನೆಯವನು. ಯಾರ ಊರಿನ ಪದ್ಧತಿಯಂತೆ ಕರಾರು ಬರೆಯುವುದು?

1957ರಲ್ಲಿ ಫಿಡಿಕ್ ಅದಕ್ಕೆ ಉತ್ತರವಾಗಿ ಒಂದು ಮಾದರಿ ಕರಾರನ್ನು ಅಚ್ಚು ಹಾಕಿಸಿತು. ರಕ್ಷಾಪುಟ ಕೆಂಪಗಿದ್ದುದರಿಂದ 'ರೆಡ್ ಬುಕ್' ಎಂಬ ಹೆಸರೇ ನಿಂತಿತು. ಹೆಸರಿಗೆ ಅಂತರರಾಷ್ಟ್ರೀಯ, ಒಳಗೆ ಮಾತ್ರ ಇಂಗ್ಲೆಂಡಿನ ಸಿವಿಲ್ ಎಂಜಿನಿಯರರ ಸಂಸ್ಥೆ 1945ರಲ್ಲಿ ಹೊರತಂದ ಕರಾರಿನ ನೆರಳೇ. ಸಾಮ್ರಾಜ್ಯ ಹೋದಮೇಲೂ ಕಾಗದ ಉಳಿಯುವುದು ನಮಗೆ ಹೊಸತಲ್ಲ, ನಮ್ಮ ಕಚೇರಿಗಳ ಫೈಲುಗಳನ್ನು ನೋಡಿದರೆ ಸಾಕು. 1969, 1977, 1987ರಲ್ಲಿ ಹೊಸ ಆವೃತ್ತಿಗಳು ಬಂದವು. ಯಂತ್ರ ಕೂರಿಸುವ ಕೆಲಸಗಳಿಗೆಂದು 1963ರಲ್ಲಿ ಹಳದಿ ಪುಸ್ತಕ ಹುಟ್ಟಿತ್ತು. ಆಮೇಲೆ ಕಿತ್ತಳೆ, ಬೆಳ್ಳಿ, ಹಸಿರು, ಗುಲಾಬಿ, ಚಿನ್ನ, 2019ರಲ್ಲಿ ಪಚ್ಚೆ. ಸೀರೆ ಅಂಗಡಿಯವನು ಒಂದೊಂದೇ ಬಿಚ್ಚಿ ಹಾಸಿದ ಹಾಗೆ!

ಈ ಪುಸ್ತಕಗಳ ಜೀವ ಇರುವುದು ಒಂದೇ ಪ್ರಶ್ನೆಯಲ್ಲಿ: ಯಾರೂ ಊಹಿಸದ ತೊಂದರೆ ಬಂದರೆ ಅದರ ಖರ್ಚು ಯಾರ ತಲೆಯ ಮೇಲೆ?

ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಎರಡು ಕೋಣೆ ಕಟ್ಟಲು ಪಾಯ ತೋಡಿದಾಗ, ಯಾವ ಕಾಲದಲ್ಲೋ ಮುಚ್ಚಿಹೋಗಿದ್ದ ಬಾವಿ ಸಿಕ್ಕಿತು. ಅದನ್ನು ತುಂಬುವ ಖರ್ಚು ನನ್ನದಲ್ಲ ಎಂದು ಗುತ್ತಿಗೆದಾರ, ನಮ್ಮದೂ ಅಲ್ಲ ಎಂದು ಕಟ್ಟಿಸುವವರು. ಒಂದೂವರೆ ವರ್ಷ ಐದನೆಯ ತರಗತಿ ಜಗಲಿಯ ಮೇಲೆ ನಡೆಯಿತು. ಕೆಂಪು ಪುಸ್ತಕ ಇದಕ್ಕೆ ನೇರವಾಗಿ ಉತ್ತರ ಕೊಡುತ್ತದೆ. ಅನುಭವಸ್ಥ ಗುತ್ತಿಗೆದಾರನೂ ಮುಂಚಿತವಾಗಿ ಊಹಿಸಲಾಗದಂಥದ್ದು ನೆಲದಡಿ ಎದುರಾದರೆ, ಹೆಚ್ಚಿನ ಖರ್ಚೂ ಹೆಚ್ಚಿನ ಸಮಯವೂ ಕಟ್ಟಿಸುವವನ ಲೆಕ್ಕಕ್ಕೆ. ನೆಲ ಅವನದು ತಾನೆ? ಈ ಭರವಸೆ ಇಲ್ಲದಿದ್ದರೆ ಗುತ್ತಿಗೆದಾರ ಭಯಕ್ಕೇ ಟೆಂಡರಿನಲ್ಲಿ ದುಡ್ಡು ಏರಿಸಿ ಬರೆಯುತ್ತಾನೆ, ಬಾವಿ ಸಿಗದಿದ್ದರೂ ಆ ದುಡ್ಡು ಹೋಗಿಯೇ ಹೋಗುತ್ತದೆ. 1999ರ ಬೆಳ್ಳಿ ಪುಸ್ತಕ ಮಾತ್ರ ಇದನ್ನು ತಿರುಗಿಸಿತು. ನೆಲದ ಅಪಾಯವನ್ನು ಬಹುಮಟ್ಟಿಗೆ ಗುತ್ತಿಗೆದಾರನ ಮೇಲೇ ಹಾಕಿತು. ಯೂರೋಪಿನ ಗುತ್ತಿಗೆದಾರರು ಆಕ್ಷೇಪಿಸಿದರು. ನನಗೂ ಅವರ ಮಾತೇ ಸರಿ ಎನಿಸುತ್ತದೆ.

ಜಗಳ ಬಂದರೆ ತೀರ್ಪು ಹೇಳುವವರು ಯಾರು? ಹಳೆಯ ಕೆಂಪು ಪುಸ್ತಕದಲ್ಲಿ ಅದು ಎಂಜಿನಿಯರರ ಕೆಲಸ. ಅವರನ್ನು ನೇಮಿಸುವವನೂ ಸಂಬಳ ಕೊಡುವವನೂ ಕಟ್ಟಿಸುವವನೇ, ಆದರೂ ಅವರು ನಿಷ್ಪಕ್ಷಪಾತವಾಗಿರಬೇಕು! ಅತ್ತೆಯ ಮನೆಯ ಪಂಚಾಯ್ತಿಗೆ ಅತ್ತೆಯ ತಮ್ಮನನ್ನೇ ಕೂರಿಸಿದ ಹಾಗೆ. ಕೆಲವರು ನ್ಯಾಯವಾಗಿಯೇ ನಡೆದುಕೊಂಡರು, ಇಲ್ಲವೆನ್ನಲಾರೆ. ಒಪ್ಪದಿದ್ದವರು ದೂರದ ಮಧ್ಯಸ್ಥಿಕೆಗೆ ಹೋಗಬೇಕಾಗಿತ್ತು, ಅದಕ್ಕೆ ವರ್ಷಗಳೇ ಹಿಡಿಯುತ್ತಿದ್ದವು.

ಇದಕ್ಕೊಂದು ದಾರಿ ತೋರಿಸಿದ್ದು ಅಮೆರಿಕದ ಕೊಲೊರಾಡೋ ರಾಜ್ಯದ ಐಸೆನ್‌ಹೋವರ್ ಸುರಂಗ. 1968ರಲ್ಲಿ ಮೊದಲ ಸುರಂಗದ ಕೆಲಸ ಶುರುವಾಯಿತು. ಬೆಟ್ಟದೊಳಗಿನ ಬಂಡೆ ಎಣಿಸಿದಂತಿರಲಿಲ್ಲ, ಮೂರು ವರ್ಷದ ಕೆಲಸ ಐದು ವರ್ಷ ಹಿಡಿದು 1973ರಲ್ಲಿ ಮುಗಿಯಿತು. ಅದೇ ಸುರಂಗದಲ್ಲಿ ಇನ್ನೊಂದು ವ್ಯಾಜ್ಯವೂ ನಡೆಯಿತು. ಕರಾರಿನ ಚರಿತ್ರೆಯಲ್ಲಿ ಅದಕ್ಕೆ ಜಾಗವಿಲ್ಲ, ನಾನು ಇಲ್ಲಿ ಕೊಡುತ್ತೇನೆ. ಜಾನೆಟ್ ಬೊನೆಮಾ ಎಂಬಾಕೆ 1970ರಲ್ಲಿ ಅಲ್ಲಿ ಎಂಜಿನಿಯರಿಂಗ್ ತಂತ್ರಜ್ಞೆಯ ಕೆಲಸಕ್ಕೆ ಸೇರಿದಳು. ಹೆಸರನ್ನು 'ಜೇಮ್ಸ್' ಎಂದು ತಪ್ಪಾಗಿ ಓದಿ ನೇಮಿಸಿಕೊಂಡಿದ್ದರಂತೆ. ಬಂದವಳು ಹೆಂಗಸು ಎಂದು ಗೊತ್ತಾದಮೇಲೆ ಸುರಂಗದ ಒಳಗೆ ಬಿಡಲಿಲ್ಲ. ಹೆಣ್ಣು ಕಾಲಿಟ್ಟರೆ ಸುರಂಗಕ್ಕೆ ಕೇಡು ಎಂಬ ನಂಬಿಕೆ ಗಣಿ ಕಾರ್ಮಿಕರಲ್ಲಿತ್ತು. (ನಮ್ಮಲ್ಲಿ ಮಾತ್ರ ಇಂಥವು ಇವೆ ಎಂದು ನಾಚಿಕೊಳ್ಳುವವರು ಗಮನಿಸಬೇಕು.) ಹೊರಗಿನ ಕಚೇರಿಯಲ್ಲೇ ಕೂತು ಬಂಡೆಯ ಅಳತೆಗಳನ್ನು ಬರೆಯುತ್ತಿದ್ದ ಆಕೆ ಕೋರ್ಟಿಗೆ ಹೋದಳು. 1972ರ ನವೆಂಬರಿನಲ್ಲಿ ಒಳಗೆ ಕಾಲಿಟ್ಟಾಗ ಹತ್ತಾರು ಮಂದಿ ಕೆಲಸ ಬಿಟ್ಟು ಹೊರಗೆ ನಡೆದರು. ಬಹುತೇಕರು ಮರುದಿನ ಹಿಂದಿರುಗಿದರು. ಸುರಂಗ ಕುಸಿಯಲಿಲ್ಲ.

ಪಕ್ಕದ ಎರಡನೆಯ ಸುರಂಗಕ್ಕೆ 1975ರಲ್ಲಿ ಕರಾರು ಬರೆಯುವಾಗ, ಜಗಳ ಹುಟ್ಟುವ ಮೊದಲೇ ಮೂವರು ಅನುಭವಸ್ಥರ ಮಂಡಳಿಯನ್ನು ನೇಮಿಸಿದರು. ಅವರು ಆಗಾಗ ಬಂದು ಕೆಲಸ ನೋಡುವುದು, ಮನಸ್ತಾಪ ಎದ್ದ ಕೂಡಲೇ ಎರಡೂ ಕಡೆಯವರನ್ನು ಕೂರಿಸಿ ಕೇಳುವುದು. ಇದು ಫಲ ಕೊಟ್ಟಿತು. 1980ರ ದಶಕದಲ್ಲಿ ಹೊಂಡುರಾಸ್ ದೇಶದ ಎಲ್ ಕಹೋನ್ ಅಣೆಕಟ್ಟಿನಲ್ಲೂ ಇಂಥದೇ ಮಂಡಳಿ ಕೂತಿತು. ವಿಶ್ವಬ್ಯಾಂಕ್ 1995ರಲ್ಲಿ ದೊಡ್ಡ ಕಾಮಗಾರಿಗಳಿಗೆ ಇದನ್ನು ಕಡ್ಡಾಯ ಮಾಡಿತು. 1999ರ ಹೊಸ ಕೆಂಪು ಪುಸ್ತಕದಲ್ಲಿ ಎಂಜಿನಿಯರರ ನ್ಯಾಯಪೀಠ ಹೋಗಿ ಮಂಡಳಿ ಬಂತು. ಅದೇ ಪುಸ್ತಕದಲ್ಲಿ ಇನ್ನೊಂದು ಕಟ್ಟುನಿಟ್ಟೂ ಬಂತು. ಗುತ್ತಿಗೆದಾರನಿಗೆ ಹೆಚ್ಚಿನ ಹಣವೋ ಸಮಯವೋ ಬೇಕಿದ್ದರೆ, ಕಾರಣ ತಿಳಿದ 28 ದಿನಗಳೊಳಗೆ ಬರೆದು ತಿಳಿಸಬೇಕು, ಇಲ್ಲವಾದರೆ ಹಕ್ಕು ಹೋಯಿತು. 'ಆಮೇಲೆ ನೋಡೋಣ' ಎನ್ನುವ ನಮ್ಮಂಥವರಿಗೆ ಇದು ಕಷ್ಟವೇ.

ಇಷ್ಟು ಹೊತ್ತಿನ ಮಾತೆಲ್ಲ ದುಡ್ಡಿರುವವರ ನಡುವಿನದು. ಕಲ್ಲು ಹೊರುವವರ ಬಗ್ಗೆ ಪುಸ್ತಕ ಏನೆನ್ನುತ್ತದೆ ಎಂದು ನಾನು ಹುಡುಕಿದೆ. ಊರಿನಲ್ಲಿ ಚಾಲ್ತಿಯಲ್ಲಿರುವ ಕೂಲಿಗಿಂತ ಕಡಿಮೆ ಕೊಡಬಾರದು, ಇರಲು ಜಾಗ ಒದಗಿಸಬೇಕು ಎಂಬುದು 1999ರ ಪುಸ್ತಕದಲ್ಲಿದೆ. ಹೆಚ್ಚಿನದು ಬಂದದ್ದು 2005ರಲ್ಲಿ, ವಿಶ್ವಬ್ಯಾಂಕ್ ಮೊದಲಾದ ಸಾಲ ಕೊಡುವ ಬ್ಯಾಂಕುಗಳಿಗಾಗಿ ತಯಾರಾದ ಗುಲಾಬಿ ಪುಸ್ತಕದಲ್ಲಿ. ಬಲವಂತದ ದುಡಿಮೆ ಕೂಡದು. ಮಗುವಿನ ಓದಿಗೆ ಅಡ್ಡಿಯಾಗುವ ಕೆಲಸಕ್ಕೆ ಮಗುವನ್ನು ಹಚ್ಚಕೂಡದು. ಗುಲಾಬಿ ಪುಸ್ತಕದ ದಾಖಲೆ ಕಲಮಿನಂತೆ ಕಾರ್ಮಿಕರ ಹೆಸರು, ವಯಸ್ಸು, ಹೆಣ್ಣೋ ಗಂಡೋ, ದುಡಿದ ಗಂಟೆ, ಕೊಟ್ಟ ಕೂಲಿ ಇವೆಲ್ಲವನ್ನೂ ಬರೆದಿಡಬೇಕು. ನಮ್ಮ ಹಾಜರಿ ಪುಸ್ತಕದಲ್ಲಿ ಜೂನಿನಲ್ಲಿ ಸೇರಿ ದೀಪಾವಳಿಯ ಹೊತ್ತಿಗೆ ಮಾಯವಾಗುವ ಹೆಸರುಗಳಿರುತ್ತವೆ. ಅಪ್ಪ ಅಮ್ಮ ಕಟ್ಟಡದ ಕೆಲಸ ಮುಗಿಸಿ ಮುಂದಿನ ಊರಿಗೆ ಹೋಗಿರುತ್ತಾರೆ. ಮರಳ ರಾಶಿಯ ಮೇಲೆ ತಮ್ಮನನ್ನು ಕಾಯುತ್ತ ಕೂರುವ ಹುಡುಗಿಯದೂ 'ಓದಿಗೆ ಅಡ್ಡಿ'ಯೇ ಅಲ್ಲವೇ? ಅವಳನ್ನು ಯಾರೂ ಕೆಲಸಕ್ಕೆ ಹಚ್ಚಿಲ್ಲವಾದ್ದರಿಂದ ಕಲಮು ಅವಳನ್ನು ಮುಟ್ಟುವುದಿಲ್ಲ.

ಕಲಮು ಇದ್ದೂ ಆಗಬಾರದ್ದು ಆಯಿತು. ಉಗಾಂಡಾದಲ್ಲಿ ಕಾಮ್ವೆಂಗೆಯಿಂದ ಫೋರ್ಟ್ ಪೋರ್ಟಲ್‌ಗೆ 66 ಕಿಲೋಮೀಟರ್ ರಸ್ತೆ, ವಿಶ್ವಬ್ಯಾಂಕಿನ ಹಣ. ಹೊರಗಿನಿಂದ ಬಂದ ಕೆಲಸಗಾರರಲ್ಲಿ ಕೆಲವರು ಹಳ್ಳಿಯ ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು ಗರ್ಭಿಣಿಯರಾದರು. ಊರಿನವರು ಪಟ್ಟುಹಿಡಿದು ದೂರು ಕೊಟ್ಟರು. 2015ರ ಡಿಸೆಂಬರಿನಲ್ಲಿ ಬ್ಯಾಂಕ್ ಆ ಯೋಜನೆಯ ಸಾಲವನ್ನೇ ರದ್ದುಮಾಡಿತು, ನೊಂದ ಮಕ್ಕಳಿಗಾಗಿ ನೆರವಿನ ಕಾರ್ಯಕ್ರಮವೊಂದು ಆಮೇಲೆ ಶುರುವಾಯಿತು. ಅದರಿಂದ ಎಷ್ಟು ಮಕ್ಕಳ ಶಾಲೆ ಮರಳಿ ದಕ್ಕೀತು ಎಂಬ ಚಿಂತೆ ಮಾತ್ರ ನನ್ನನ್ನು ಬಿಡುವುದಿಲ್ಲ.

ಕಾಗದ ಮತ್ತೆ ಬದಲಾಯಿತು. ಫಿಡಿಕ್ 2017ರಲ್ಲಿ ಹೊರತಂದ ಹೊಸ ಪುಸ್ತಕಗಳನ್ನು ಬಳಸಲು ವಿಶ್ವಬ್ಯಾಂಕ್ 2019ರಲ್ಲಿ ಒಪ್ಪಂದ ಮಾಡಿಕೊಂಡು, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ ತನ್ನದೇ ಷರತ್ತುಗಳನ್ನು ಅವಕ್ಕೆ ಸೇರಿಸಿತು. 2021ರ ಜನವರಿಯಿಂದ, ಅಪಾಯ ಹೆಚ್ಚೆಂದು ಗುರುತಿಸಿದ ಕಾಮಗಾರಿಗಳಲ್ಲಿ ಈ ಷರತ್ತು ಪಾಲಿಸದ ಗುತ್ತಿಗೆದಾರನಿಗೆ ಬ್ಯಾಂಕಿನ ಹಣದ ಹೊಸ ಕರಾರು ಎರಡು ವರ್ಷ ಸಿಗುವುದಿಲ್ಲ. ಪಾಲಿಸಿದನೋ ಇಲ್ಲವೋ ಎಂದು ನಿರ್ಧರಿಸುವುದು ಆ ವ್ಯಾಜ್ಯ ಮಂಡಳಿಯೇ. ಬಂಡೆಯ ಲೆಕ್ಕ ಬಗೆಹರಿಸಲು ಹುಟ್ಟಿದ ಮಂಡಳಿ ಇಲ್ಲಿಯವರೆಗೆ ಬಂತು. ಗುತ್ತಿಗೆದಾರನ ಪ್ರತಿಯೊಬ್ಬ ಕೆಲಸಗಾರನೂ ಈಗ ಒಂದು ನಡವಳಿಕೆ ಪತ್ರಕ್ಕೆ ಸಹಿ ಹಾಕಬೇಕು. ದೂರು ಯಾರಿಗೆ ಕೊಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಬರೆಯಲು ಅದರಲ್ಲಿ ಜಾಗ ಖಾಲಿ ಬಿಟ್ಟಿದ್ದಾರೆ, ಆಯಾ ಕಾಮಗಾರಿಯಲ್ಲಿ ತುಂಬಬೇಕಾದದ್ದು.