ಕೂಸಿನ ಮನೆಗೆ ಬಂದ ಸಂದೇಶ: ದೆಹಲಿ ಸೀಮೆಯ ಅರ್ಧ ಶತಮಾನ

ಎಳೆಯ ಮಕ್ಕಳ ಪಾಲನೆಯನ್ನು ಕುರಿತ ಸರ್ಕಾರಿ ತಿಳಿವಳಿಕೆಯು ದೆಹಲಿ ಮತ್ತು ಅದರ ಸುತ್ತಲಿನ ರಾಷ್ಟ್ರ ರಾಜಧಾನಿ ವಲಯದ ಬಡ ಮನೆಗಳನ್ನು ತಲುಪಲು ಮೊಬೈಲ್ ಫೋನಿಗೆ ಮೊದಲು ಇದ್ದ ಮುಖ್ಯ ದಾರಿಯೆಂದರೆ ಮನೆ ಬಾಗಿಲಿಗೆ ನಡೆದು ಬರುವ ಹೆಂಗಸರು. 1969ರಲ್ಲಿ ಗಾಂಧಿ ಶತಮಾನೋತ್ಸವದ ವಸ್ತುಪ್ರದರ್ಶನಕ್ಕಾಗಿ ರಾಜಘಾಟದ ಬಳಿ ಕಟ್ಟಡ ಕೆಲಸ ನಡೆಯುತ್ತಿದ್ದಾಗ, ಕೂಲಿ ಹೆಂಗಸರ ಕೂಸುಗಳು ಮಣ್ಣುರಾಶಿಗಳ ನಡುವೆ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅಲ್ಲಿಯೇ ಆರಂಭಿಸಿದ ಶಿಶುಪಾಲನಾ ಕೇಂದ್ರವು ಮುಂದೆ ‘ಮೊಬೈಲ್ ಕ್ರೆಶಸ್’ ಎಂಬ ಸಂಸ್ಥೆಯಾಗಿ ಬೆಳೆಯಿತು. ಅಲ್ಲಿ ‘ಮೊಬೈಲ್’ ಎಂದರೆ ಕಾಮಗಾರಿ ಸಾಗಿದಲ್ಲಿಗೆ ತಾನೂ ಸಾಗುವ ಕೇಂದ್ರ ಎಂದೇ ಅರ್ಥ. 1975ರ ಅಕ್ಟೋಬರ್ 2ರಂದು ದೇಶದ 33 ಪ್ರಯೋಗ ಕ್ಷೇತ್ರಗಳಲ್ಲಿ ಜಾರಿಗೆ ಬಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು (ಕರ್ನಾಟಕದಲ್ಲಿ ಇದು ಆರಂಭವಾದದ್ದು ತಿರುಮಕೂಡಲು ನರಸೀಪುರದಲ್ಲಿ) ಅಂಗನವಾಡಿ ಕಾರ್ಯಕರ್ತೆಯನ್ನು ಊರೂರಿಗೆ ತಂದಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಆಶಾ ಕಾರ್ಯಕರ್ತೆಯೂ ಅವಳ ಜೊತೆಗೂಡಿದಳು.

ಫೋನು ಈ ಕೆಲಸಕ್ಕೆ ಒದಗಲು ಬಹಳ ಕಾಲ ಹಿಡಿಯಿತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯ ಸಂಚಾರ ಭವನದಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್ ರಾಮ್ ಅವರೊಡನೆ ದೇಶದ ಮೊದಲ ಮೊಬೈಲ್ ಮಾತುಕತೆ ನಡೆಸಿದಾಗ ಅದು ಸಿರಿವಂತರ ಸಾಧನವಾಗಿತ್ತು, ಬಂದ ಕರೆಗೂ ಹಣ ತೆರಬೇಕಾಗಿತ್ತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದವು. ಬಡ ತಾಯಿಗೆ ಖರ್ಚಿಲ್ಲದೆ ಮಾತು ಮುಟ್ಟಿಸಬಹುದೆಂಬ ಆಲೋಚನೆಗೆ ನೆಲೆ ದೊರೆತದ್ದು ಇದರಿಂದಲೇ, ಆದ್ದರಿಂದ ಈ ಚರಿತ್ರೆಯಲ್ಲಿ ಆ ದರ ಬದಲಾವಣೆಗೆ ಯಾವುದೇ ಆರೋಗ್ಯ ಯೋಜನೆಗಿಂತ ಕಡಿಮೆಯಲ್ಲದ ಸ್ಥಾನವಿದೆ.

2009ರ ಕೊನೆಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಪ್ರತಿ ಗರ್ಭಿಣಿಯನ್ನೂ ಪ್ರತಿ ಶಿಶುವನ್ನೂ ಹೆಸರು ಹಿಡಿದು ದಾಖಲಿಸುವ ಗಣಕೀಕೃತ ವ್ಯವಸ್ಥೆಯನ್ನು, ಅಂದರೆ ತಾಯಿ ಮತ್ತು ಮಗುವಿನ ಜಾಡು ಹಿಡಿಯುವ ‘ಎಂಸಿಟಿಎಸ್’ ಅನ್ನು ಜಾರಿಗೊಳಿಸಿದಾಗ, ಕರ್ನಾಟಕದಲ್ಲಿ ತಾಯಿ ಕಾರ್ಡ್ ಎಂದು ಕರೆಯಲಾಗುವಂಥ ಕಾರ್ಡಿನ ವಿವರಗಳ ಜೊತೆಗೆ ಫೋನ್ ನಂಬರಿನ ಕಲಮೂ ಸೇರಿತು. ದೆಹಲಿಯ ಮುನಿರ್ಕಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯಲ್ಲಿ ಒಂದು ಕರೆ ಕೇಂದ್ರವನ್ನು ತೆರೆದು, ದಾಖಲಾದ ನಂಬರುಗಳಿಗೆ ಕರೆ ಮಾಡಿ, ಸೇವೆ ನಿಜವಾಗಿ ಸಿಕ್ಕಿದೆಯೇ ಎಂದು ವಿಚಾರಿಸುವ ಕ್ರಮವೂ ಬಂದಿತು.

2016ರ ಜನವರಿ 15ರಂದು ದೇಶಮಟ್ಟದಲ್ಲಿ ಆರಂಭವಾದ ‘ಕಿಲ್ಕಾರಿ’ಯು (ಹಿಂದಿಯಲ್ಲಿ ಹಸುಗೂಸಿನ ಕೇಕೆಗೆ ಹೇಳುವ ಮಾತು) ಈ ನಂಬರುಗಳ ಮೇಲೆಯೇ ನಿಂತ ಯೋಜನೆ. ಬಿಬಿಸಿ ಮೀಡಿಯಾ ಆ್ಯಕ್ಷನ್ ಸಂಸ್ಥೆ ಬಿಹಾರದಲ್ಲಿ ಮೊದಲು ನಡೆಸಿದ ಪ್ರಯೋಗವನ್ನು ಕೇಂದ್ರ ಸರ್ಕಾರ ಕೈಗೆತ್ತಿಕೊಂಡು, ಮುಂದೆ ದೆಹಲಿ, ಹರಿಯಾಣ, ಉತ್ತರ ಪ್ರದೇಶಗಳನ್ನೂ ಒಳಗೊಳ್ಳುವಂತೆ ಹಬ್ಬಿಸಿತು. ಗರ್ಭದ ನಾಲ್ಕನೆಯ ತಿಂಗಳಿಂದ ಮಗುವಿಗೆ ವರ್ಷ ತುಂಬುವವರೆಗೆ ವಾರಕ್ಕೊಂದರಂತೆ 72 ಧ್ವನಿ ಸಂದೇಶಗಳು, ಹೇಳುವವಳು ಡಾ. ಅನಿತಾ ಎಂಬ ಕಲ್ಪಿತ ವೈದ್ಯೆ. ಬರಹದ ಬದಲು ಧ್ವನಿಯನ್ನು ಆರಿಸಿದ್ದು ಅಕ್ಷರ ಬಾರದ ತಾಯಂದಿರ ಸಲುವಾಗಿ ಅನಿವಾರ್ಯವಾಗಿತ್ತು. ತಾಂತ್ರಿಕ ಅಡ್ಡಿಯೂ ಇತ್ತು: ರೋಮನ್ ಲಿಪಿಯಲ್ಲಿ 160 ಅಕ್ಷರ ಹಿಡಿಸುವ ಒಂದು ಎಸ್‌ಎಂಎಸ್, ದೇವನಾಗರಿಯಲ್ಲಾಗಲಿ ಕನ್ನಡದಲ್ಲಾಗಲಿ 70 ಸಂಕೇತಗಳಿಗೇ ಮುಗಿದುಹೋಗುತ್ತದೆ, ಒತ್ತು ಮತ್ತು ಸ್ವರ ಚಿಹ್ನೆಗಳೂ ಆ ಲೆಕ್ಕದಲ್ಲಿ ಸೇರುತ್ತವೆ. ಆದರೆ ಕರೆ ಬಂದ ಫೋನು ಯಾರ ಜೇಬಿನಲ್ಲಿತ್ತು ಎಂಬುದು ಇಡೀ ಯೋಜನೆಯ ಮರ್ಮ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ಶೇ 54 ಮಾತ್ರ. ಉಳಿದ ಮನೆಗಳಲ್ಲಿ ತಾಯಿಗೆಂದು ಬಂದ ಮಾತು ಕೆಲಸಕ್ಕೆ ಹೋದ ಗಂಡನ ಫೋನಿನಲ್ಲಿಯೇ ಉಳಿಯುವ ಸಂಭವ ದೊಡ್ಡದಾಗಿತ್ತು.

ಸಂದೇಶದ ಶಕ್ತಿಯನ್ನೂ ಮಿತಿಯನ್ನೂ ಅತ್ಯಂತ ಶ್ರದ್ಧೆಯಿಂದ ಅಳೆದ ಕೆಲಸ ನಡೆದದ್ದು ಈ ವಲಯದ ಹರಿಯಾಣ ಭಾಗದಲ್ಲಿಯೇ. ಜೀಂದ್, ಪಲ್ವಲ್, ರೇವಾರಿ, ಮೇವಾತ್, ಮಹೇಂದ್ರಗಢ, ಪಾಣಿಪತ್, ಸೋನಿಪತ್ ಎಂಬ ಏಳು ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದೊಡನೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಅವರ ಸಹೋದ್ಯೋಗಿಗಳು ಮೂರು ಉಪಾಯಗಳನ್ನು ಒಟ್ಟಿಗೂ ಬಿಡಿಯಾಗಿಯೂ ಪರೀಕ್ಷಿಸಿದರು. ಲಸಿಕೆಯ ದಿನವನ್ನು ನೆನಪಿಸುವ ಎಸ್‌ಎಂಎಸ್ ಒಂದು. ಲಸಿಕೆ ಹಾಕಿಸಿದವರಿಗೆ ಫೋನಿಗೆ ರೀಚಾರ್ಜ್ ಮಾಡಿಸುವ ಪ್ರೋತ್ಸಾಹಕ ಇನ್ನೊಂದು. ಊರಿನ ಕೆಲವರನ್ನು ಆರಿಸಿ ಅವರ ಬಾಯಿಂದ ಸುದ್ದಿ ಹರಡಿಸುವುದು ಮೂರನೆಯದು. ಪ್ರಮಾಣಗಳನ್ನು ಬದಲಿಸಿ ಬೆರೆಸಿದಾಗ 75 ಬಗೆಯ ಸಂಯೋಜನೆಗಳಾದವು. ಆ ಕೆಲವರನ್ನು ಕಂಡುಕೊಂಡ ರೀತಿ ಬಹಳ ಮನನೀಯವಾದದ್ದು: ಸಂಶೋಧಕರು ಅಧಿಕಾರಿಗಳನ್ನಾಗಲಿ ಪಂಚಾಯಿತಿಯನ್ನಾಗಲಿ ಕೇಳಲಿಲ್ಲ, ಊರವರನ್ನೇ ಕೇಳಿದರು, ಜಾತ್ರೆಯೋ ಬೀದಿ ನಾಟಕವೋ ಬಂದಾಗ ಯಾರ ಕಿವಿಗೆ ಹಾಕಿದರೆ ಸುದ್ದಿ ಊರೆಲ್ಲ ಹಬ್ಬುತ್ತದೆ ಎಂಬುದು ಪ್ರಶ್ನೆಯ ತಿರುಳು. ಹೀಗೆ ಹೆಸರಿಸಲ್ಪಟ್ಟವರು, ಎಸ್‌ಎಂಎಸ್ ಮತ್ತು ಲಸಿಕೆಯಿಂದ ಲಸಿಕೆಗೆ ಏರುವ ಪ್ರೋತ್ಸಾಹಕ ಒಂದೆಡೆ ಸೇರಿದ ಕಡೆ ಲಸಿಕೆಗಳ ಸಂಖ್ಯೆ ಹಿಂದಿನ ಕ್ರಮಕ್ಕಿಂತ ಶೇ 44ರಷ್ಟು ಹೆಚ್ಚಿತು. ಪ್ರೋತ್ಸಾಹಕವನ್ನು ಬಿಟ್ಟು ಆ ಸುದ್ದಿಗಾರರನ್ನೂ ಎಸ್‌ಎಂಎಸ್ಸನ್ನೂ ಮಾತ್ರ ಜೋಡಿಸಿದ್ದು ವೆಚ್ಚದ ದೃಷ್ಟಿಯಿಂದ ಎಲ್ಲಕ್ಕಿಂತ ಮೇಲಾಗಿ, ಖರ್ಚಾದ ಅಷ್ಟೇ ಹಣಕ್ಕೆ ಶೇ 9.1ರಷ್ಟು ಹೆಚ್ಚು ಲಸಿಕೆಗಳನ್ನು ದೊರಕಿಸಿತು. ಎರಡು ಸಂಯೋಜನೆಗಳಲ್ಲಿಯೂ ಎಸ್‌ಎಂಎಸ್ಸಿನ ಬೆನ್ನಿಗೆ ಊರೇ ಹೆಸರಿಸಿದ ಒಂದು ಬಾಯಿ ಇದ್ದೇ ಇತ್ತು. ಸಂದೇಶ ಕಳಿಸಿದ ಸಂಖ್ಯೆಯನ್ನೇ ಸಾಧನೆಯೆಂದು ವರದಿ ಮಾಡುವ ಇಲಾಖೆಗಳು ಗಮನಿಸಬೇಕಾದ ಅಂಶವಿದು.

2020ರ ಮಾರ್ಚ್‌ನಲ್ಲಿ ಕೋವಿಡ್ ದೆಸೆಯಿಂದ ಅಂಗನವಾಡಿಗಳು ಮುಚ್ಚಿದಾಗ ಸಂದೇಶದ ವಿಷಯವೇ ಬದಲಾಯಿತು. ದೆಹಲಿಯಲ್ಲಿ ಕೇಂದ್ರ ಕಚೇರಿಯುಳ್ಳ ‘ಪ್ರಥಮ್’ ಸಂಸ್ಥೆಯು ಎಸ್‌ಎಂಎಸ್ ಮತ್ತು ವಾಟ್ಸ್‌ಆ್ಯಪ್ ಮೂಲಕ ಮನೆಯಲ್ಲೇ ಮಾಡಬಹುದಾದ ಆಟ-ಪಾಠಗಳನ್ನು ಕಳಿಸತೊಡಗಿತು. ಅದೇ ವರ್ಷ ಹುಟ್ಟಿದ ‘ರಾಕೆಟ್ ಲರ್ನಿಂಗ್’ ಸಂಸ್ಥೆಯು ಅಂಗನವಾಡಿ ಕಾರ್ಯಕರ್ತೆಯನ್ನೂ ತಾಯ್ತಂದೆಯರನ್ನೂ ಒಂದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೂಡಿಸಿ, ಮಗುವಿನೊಡನೆ ಮಾಡಬೇಕಾದ ಸಣ್ಣ ಚಟುವಟಿಕೆಗಳನ್ನು ಅಲ್ಲಿಗೆ ತಲುಪಿಸುವ ಕ್ರಮವನ್ನು ರೂಢಿಗೆ ತಂದಿತು. ತಾಯಂದಿರು ಮಗುವಿನ ವಿಡಿಯೊವನ್ನು ಅದೇ ಗುಂಪಿಗೆ ಹಿಂದಿರುಗಿಸತೊಡಗಿದ್ದರಿಂದ ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತಿದ್ದ ಮಾತಿಗೆ ಮರುಮಾತು ದೊರೆಯಿತು, ಗುಂಪಿನಲ್ಲಿ ಪರಿಚಿತ ಕಾರ್ಯಕರ್ತೆಯೂ ಇದ್ದಳು. ಇದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಕಿಲ್ಕಾರಿಯ ಕರೆಗೆ ಗುಂಡಿಯ ಫೋನು ಸಾಕಾಗಿತ್ತು, ವಾಟ್ಸ್‌ಆ್ಯಪ್ ಗುಂಪಿಗೆ ಸ್ಮಾರ್ಟ್‌ಫೋನೂ ಡೇಟಾ ಖರ್ಚೂ ಬೇಕು. ಗ್ರಾಮೀಣ ಮಕ್ಕಳ ಶಿಕ್ಷಣ ಸ್ಥಿತಿಯನ್ನು ಅಳೆಯುವ ‘ಅಸರ್’ ಸಮೀಕ್ಷೆಯಂತೆ 2020ರಲ್ಲಿ ಗ್ರಾಮೀಣ ಭಾರತದ ಶಾಲಾ ಮಕ್ಕಳಲ್ಲಿ ಶೇ 61.8ರಷ್ಟು ಮಂದಿಯ ಮನೆಗಳಲ್ಲಿ ಮಾತ್ರ ಸ್ಮಾರ್ಟ್‌ಫೋನ್ ಇತ್ತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಮಗುವಿನ ವಿಷಯ ಹೇಳಿಹೋಗಲು ಇಂದಿಗೂ ಕಾಲ್ನಡಿಗೆಯಲ್ಲಿ ಹೋಗುವವಳು ಆಶಾ ಕಾರ್ಯಕರ್ತೆ, ಅವಳಿಗೆ ಸಿಗುವುದು ಸಂಬಳವಲ್ಲ, ಪ್ರೋತ್ಸಾಹಧನ.