ಅಂಕೋಲೆಯ ಉಪ್ಪು, ಮಾಸ್ಕಿನ ಉಪ್ಪು

ಅಂಕೋಲೆ ಪೇಟೆಗೆ ಅಂಟಿಕೊಂಡ ಬೊಬ್ರುವಾಡದಿಂದ ಗೋಕರ್ಣದ ಬಳಿಯ ಸಾಣಿಕಟ್ಟಾದವರೆಗಿನ ಈ ಕರಾವಳಿಯ ಚರಿತ್ರೆಯನ್ನು ಉಪ್ಪು ಬಿಟ್ಟು ಬರೆಯಲಾಗದು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಕಾನೂನು ಮುರಿದು ಉಪ್ಪು ತಯಾರಿಸಿದ್ದು ಎಲ್ಲರೂ ಬಲ್ಲ ಸಂಗತಿ. ಅದಕ್ಕೂ ಎಷ್ಟೋ ಮೊದಲಿನಿಂದ ಉಪ್ಪಿನ ಆಗರಗಳಲ್ಲಿ ದುಡಿದ ಆಗೇರ ಸಮುದಾಯದವರ ಕಸುಬಿಗೆ ಅಷ್ಟು ಮಾತು ಸಂದಿಲ್ಲ. ಉಪ್ಪುನೀರು ಕಟ್ಟಿ, ಬಿಸಿಲಿಗೆ ಬತ್ತಿಸಿ, ಹರಳುಗಟ್ಟುವ ಹದ ನೋಡಿ ಬಾಚುವ ಕೆಲಸ ಅದು. ಮುಟ್ಟಿದೊಡನೆ ವೈರಸ್ಸನ್ನು ಕೊಲ್ಲುವ ಮಾಸ್ಕಿಗಾಗಿ ನಡೆದ ಹುಡುಕಾಟದ ಒಂದು ದಾರಿ ಇದೇ ಹರಳುಗಟ್ಟುವ ಕ್ರಿಯೆಗೆ ಬಂದು ನಿಂತಿದೆ. ಹಾಗಾಗಿ ಅಂಥ ಮಾಸ್ಕಿನ ಗುಣದೋಷ ತೂಗುವಾಗ ಆಗರದ ಅನುಭವವನ್ನೂ ಸಾಕ್ಷ್ಯವಾಗಿ ಎಣಿಸಬೇಕು ಎಂಬುದು ನನ್ನ ವಾದ.

1910-11ರ ಮಂಚೂರಿಯಾ ಪ್ಲೇಗಿನಲ್ಲಿ ಡಾ. ವು ಲಿಯೆನ್-ತೆ ಕಟ್ಟಿಸಿದ ಜಾಳು ಬಟ್ಟೆ, ಹತ್ತಿಯ ಮಾಸ್ಕಾಗಲಿ, 1918ರ ಇನ್‌ಫ್ಲುಯೆಂಜಾದಲ್ಲಿ ಜನ ಕಟ್ಟಿಕೊಂಡವಾಗಲಿ ರೋಗಾಣುವನ್ನು ತಡೆಯಲು ಮಾಡಿದವು, ಕೊಲ್ಲಲು ಅಲ್ಲ. ತಡೆದದ್ದು ಬಟ್ಟೆಯ ಮೇಲೆಯೇ ಜೀವ ಹಿಡಿದಿರಬಹುದು. 2017ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಹ್ಯೋ-ಜಿಕ್ ಚೋಯ್ ತಂಡ ಮಾಸ್ಕಿನ ಸೋಸುಪದರಕ್ಕೆ ಅಡುಗೆ ಉಪ್ಪನ್ನೇ ಲೇಪಿಸಿತು. ಕೆಮ್ಮಿನ ಹನಿ ತಾಗಿದಾಗ ಆ ಉಪ್ಪು ಕರಗುತ್ತದೆ. ಹನಿ ಆರುತ್ತ ಬಂದಂತೆ ಉಪ್ಪುನೀರು ಗಟ್ಟಿಯಾಗಿ ಮತ್ತೆ ಹರಳು ಕಟ್ಟುತ್ತದೆ. ಆ ತೀಕ್ಷ್ಣತೆಗೆ, ಬೆಳೆಯುವ ಹರಳಿನ ಮೊನೆಗೆ ಇನ್‌ಫ್ಲುಯೆಂಜಾ ವೈರಸ್ಸಿನ ಹೊರಪೊರೆ ಒಡೆಯುತ್ತದೆ. ಆಗರದಲ್ಲಿ ದಿನಗಟ್ಟಲೆ ಹಿಡಿಯುವ ಕೆಲಸ ಇಲ್ಲಿ ಒಂದು ಹನಿಯೊಳಗೆ, ನಿಮಿಷಗಳಲ್ಲಿ ಮುಗಿಯುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಜಯಂತ ಹಲ್ದಾರ್ ತಂಡ 2020ರಲ್ಲಿ ಬೇರೆ ದಾರಿ ಹಿಡಿಯಿತು: ನೇರಳಾತೀತ ಬೆಳಕಿನಿಂದ ಬಟ್ಟೆಗೆ ಬೆಸೆಯುವ ರಾಸಾಯನಿಕ ಲೇಪ. ಅದು ಇನ್‌ಫ್ಲುಯೆಂಜಾ ವೈರಸ್ಸನ್ನು 30 ನಿಮಿಷದೊಳಗೆ ಕೊಲ್ಲುತ್ತದೆ. ಉಪ್ಪು ನೀರಿಗೆ ಕರಗಿ ಹೋದೀತು, ನಿಜ. ಆದರೆ ಅಗ್ಗ, ಎಲ್ಲ ಕಡೆ ಸಿಗುವಂಥದು. ಈ ಗುಣ ಸಣ್ಣದಲ್ಲ.

ಮುಖ್ಯ ಆಕ್ಷೇಪ ಬರುವುದು ನಮ್ಮ ಹವೆಯಿಂದಲೇ. ಗಾಳಿಯ ತೇವ ಸುಮಾರು 75 ಪ್ರತಿಶತ ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುತ್ತದೆ. ಜೂನ್ ಹಿಡಿದರೆ ಅಂಕೋಲೆಯ ಅಡುಗೆಮನೆಗಳಲ್ಲಿ ಭರಣಿಯ ಕಲ್ಲುಪ್ಪು ನೀರೊಡೆಯುತ್ತದೆ, ಸಾಣಿಕಟ್ಟಾದ ಆಗರ ಮಳೆಗೆ ಕೆಲಸ ನಿಲ್ಲಿಸುತ್ತದೆ. ಚೋಯ್ ತಂಡ ಸೆಕೆಯಲ್ಲಿ, ತೇವದಲ್ಲಿ ಇಟ್ಟು ನೋಡಿಯೇ ಲೇಪ ತಾಳುತ್ತದೆ ಎಂದಿತು, ಸರಿ. ಆದರೆ ಇಟ್ಟು ನೋಡುವುದು ಬೇರೆ, ಜುಲೈಯ ಮಳೆಯಲ್ಲಿ ಉಸಿರಿನ ಹಬೆ ತಾಗುತ್ತ ತಾಸುಗಟ್ಟಲೆ ತೊಡುವುದು ಬೇರೆ. ಹನಿ ಆರದಿದ್ದರೆ ಹರಳು ಕಟ್ಟುವುದಿಲ್ಲ. ಉಪ್ಪುನೀರಿನ ತೀಕ್ಷ್ಣತೆಯೊಂದೇ ಉಳಿಯುತ್ತದೆ. ರೋಗ ಹೆಚ್ಚಾಗಿ ಗಾಳಿಯಲ್ಲೇ ಹರಡುವಾಗ, ಕೆನ್ನೆಯ ಬದಿಯ ಸಂದು ಮುಚ್ಚದ ಮಾಸ್ಕಿಗೆ ಕೊಲ್ಲುವ ಲೇಪವೇಕೆ ಎಂಬ ಪ್ರಶ್ನೆಯೂ ಇದೆ. ತೊಟ್ಟವರ ರಕ್ಷಣೆಗೆ ಬಿಗಿಯೇ ಮೊದಲು, ಒಪ್ಪಿದೆ. ಆದರೆ 2020ರ ಕೋವಿಡ್ ಕಾಲದಲ್ಲಿ ಜನ ಒಂದೇ ಮಾಸ್ಕನ್ನು ಕಳಚಿ, ಮಡಿಸಿ, ಕಿಸೆಗೆ ತುರುಕಿ, ಮತ್ತೆ ಕಟ್ಟಿಕೊಂಡರು. ದಿನಕ್ಕೊಂದು ಹೊಸದು ಕೊಳ್ಳಲಾಗದವರಿಗೆ ಬಟ್ಟೆಯ ಮೇಲಿನ ವೈರಸ್ಸು ಸಾಯುವುದು ಮುಖ್ಯವೇ. ಅವರಿಗಾಗಿ ಉಪ್ಪಿನ ಮಾಸ್ಕು ಬರಬೇಕಿದ್ದರೆ ಅದರ ಪರೀಕ್ಷೆ ಇಂಥ ಕರಾವಳಿಯಲ್ಲಿ, ಮಳೆಗಾಲದ ನಾಲ್ಕು ತಿಂಗಳೂ, ಮೀನುಪೇಟೆಯಲ್ಲಿ ದುಡಿಯುವವರ ಮುಖದ ಮೇಲೆ ನಡೆಯಬೇಕು. ಉಪ್ಪಿನ ಹದ ಬಲ್ಲ ಆಗೇರರನ್ನೂ ಕೇಳಬೇಕು.