ನಿಂತ ಮರದ ತೂಕ: ಮಂಡಿಕಲ್ ಸೀಮೆಯ ನೀಲಗಿರಿಯನ್ನು ಕುರಿತು

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯೂ ನೆರೆಯ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಸೀಮೆಗಳೂ ೨೦೦೭ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದುವು. ಮಳೆ ಅಲ್ಪವಾದ ಈ ಬಯಲುಸೀಮೆಯ ರಾಗಿಯ ಹೊಲಗಳಲ್ಲಿ ಅನೇಕವು ೧೯೮೦ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ನೀಲಗಿರಿಯ ತೋಪುಗಳಾದುವು. ರಾಗಿಗೆ ಸೇರು ಕೊಳಗಗಳ ಅಳತೆಯುಂಟು. ನಿಂತ ಮರವನ್ನಾದರೋ ತಕ್ಕಡಿಗೆ ಏರಿಸುವಂತಿಲ್ಲ. ಕಡಿಯುವುದಕ್ಕೆ ಮೊದಲೇ ಅದರ ತೂಕವನ್ನು ಊಹಿಸಬೇಕಾದಲ್ಲಿ, ಊಹೆಯ ತಪ್ಪು ಒಕ್ಕಲಿಗನ ಪಾಲಿನ ನಷ್ಟವಾಗಬಹುದು. ಆದುದರಿಂದ ಆ ಊಹೆಯ ಗಣಿತದ ಚರಿತ್ರೆ ವಿಚಾರಾರ್ಹವಾಗಿದೆ.

ಈ ಗಣಿತದ ಬೀಜ ನಮ್ಮಲ್ಲಿ ಹಳೆಯದು. ನೃಪತುಂಗ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ನೆರಳಿನಿಂದ ಎತ್ತರವನ್ನು ತಿಳಿಯುವ ಛಾಯಾವ್ಯವಹಾರವನ್ನೂ ಮರ ಕೊಯ್ಯುವ ಲೆಕ್ಕವನ್ನೂ ಹೇಳಿ, ಕೊಯ್ತದ ಕೆಲಸವನ್ನು ಮರದ ಜಾತಿಗೆ ತಕ್ಕಂತೆ ಬೇರೆ ಬೇರೆಯಾಗಿ ಎಣಿಸಿದ್ದಾನೆ. ಭಾಸ್ಕರಾಚಾರ್ಯನ ‘ಲೀಲಾವತಿ’ಯ ಕ್ರಕಚವ್ಯವಹಾರದಲ್ಲಿ ಬುಡದ ದಪ್ಪವನ್ನೂ ತುದಿಯ ದಪ್ಪವನ್ನೂ ಕೂಡಿ ಅರ್ಧಮಾಡಿ ಉದ್ದದಿಂದ ಗುಣಿಸುವ ವಿಧಿಯುಂಟು, ಮರವು ಮೇಲೆ ಹೋದಂತೆ ಸಣ್ಣದಾಗುವುದನ್ನು ಆತನು ಲೆಕ್ಕಕ್ಕೆ ತಂದನು. ಕೂಲಿಯು ವಸ್ತುವಿನ ಮೃದುತ್ವ ಕಠಿನತ್ವಗಳನ್ನು ಅನುಸರಿಸುವುದೆಂದೂ ಸೂಚಿಸಿದನು. ಇವರ ಲಕ್ಷ್ಯವಿದ್ದುದು ಗರಗಸದವನ ಶ್ರಮದ ಮೇಲೆ, ಮರದ ತೂಕದ ಮೇಲಲ್ಲ. ಆದರೂ ದಪ್ಪ, ಉದ್ದ, ಕಾಠಿನ್ಯ ಎಂಬ ಮೂರು ಅಂಗಗಳೂ ಇಲ್ಲಿ ಒಂದೆಡೆ ಕೂಡಿಬಂದಿರುವುದು ಗಮನಾರ್ಹ.

ಇಂಗ್ಲೆಂಡಿನ ಎಡ್ವರ್ಡ್ ಹಾಪ್ಪಸನು ೧೭೩೬ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಕ್ರಮವು ಮುಂದೆ ಭಾರತದ ಅರಣ್ಯ ಇಲಾಖೆಗಳಲ್ಲಿ ರೂಢವಾಯಿತು. ಸುತ್ತಳತೆಯ ಕಾಲುಭಾಗವನ್ನು ವರ್ಗಿಸಿ ಉದ್ದದಿಂದ ಗುಣಿಸುವುದೇ ಅದರ ವಿಧಿ. ಈ ಕ್ರಮದಿಂದ ದುಂಡುಮರದ ನಿಜವಾದ ಘನಫಲದಲ್ಲಿ ನೂರಕ್ಕೆ ೭೮.೫ ಪಾಲು ಮಾತ್ರವೇ ಬರುವುದು. ಉಳಿದ ಐದರಲ್ಲೊಂದು ಪಾಲಿಗೂ ಮಿಕ್ಕಿದುದು ಕೊಯ್ತದ ನಷ್ಟವೆಂದು ಬಿಟ್ಟುಹೋಗುವುದು. ಹಲಗೆಯ ವ್ಯಾಪಾರಕ್ಕೆ ಇದು ನ್ಯಾಯವಾಗಿರಬಹುದು. ಸಿಪ್ಪೆ ರೆಂಬೆಗಳೂ ಉರಿಯುವ ಸೌದೆಯ ವಿಷಯದಲ್ಲಿ ಮಾತ್ರ ಇದು ಮಾರುವವನಿಗೆ ಅನ್ಯಾಯವೇ ಸರಿ.

೧೯೩೩ರಲ್ಲಿ ಷೂಮಾಕರ್ ಮತ್ತು ಹಾಲ್ ಎಂಬ ಅಮೆರಿಕದ ವಿದ್ವಾಂಸರು ವ್ಯಾಸ ಎತ್ತರಗಳ ಲಘುಗಣಕಗಳಿಂದ ಮರದ ಘನಫಲವನ್ನು ಸಾಧಿಸುವ ಸಮೀಕರಣವನ್ನು ಕೊಟ್ಟರು. ಅನಂತರ ಘನಫಲದ ಸ್ಥಾನಕ್ಕೆ ಒಣತೂಕವು, ಅಂದರೆ ಜೀವರಾಶಿಯು, ಬಂದಿತು. ಮರಗಳನ್ನು ಕಡಿದು, ಕಾಂಡ ರೆಂಬೆಗಳನ್ನು ತೂಗಿ, ಒಣಗಿಸಿ, ಹಾಗೆ ದೊರೆತ ತೂಕವನ್ನು ಕಡಿಯುವ ಮುನ್ನ ತೆಗೆದ ಅಳತೆಗಳೊಡನೆ ಹೊಂದಿಸುವುದೇ ಈ ಸಮೀಕರಣಗಳ ಮೂಲ. ೨೦೧೪ರಲ್ಲಿ ಷಾವ್ ಮುಂತಾದವರು ಉಷ್ಣವಲಯದ ೫೮ ಸ್ಥಳಗಳ ೪೦೦೪ ಮರಗಳಿಂದ ಪಡೆದ ಸೂತ್ರ ಇವುಗಳಲ್ಲಿ ಪ್ರಸಿದ್ಧವಾದುದು: ಮರದ ಸಾಂದ್ರತೆ, ಎದೆಯೆತ್ತರದ ವ್ಯಾಸದ ವರ್ಗ, ಎತ್ತರ ಇವುಗಳ ಗುಣಲಬ್ಧವನ್ನು ೦.೯೭೬ರ ಘಾತಕ್ಕೆ ಏರಿಸಿ ೦.೦೬೭೩ರಿಂದ ಗುಣಿಸತಕ್ಕದ್ದು. ವ್ಯಾಸ ೨೦ ಸೆಂಟಿಮೀಟರು, ಎತ್ತರ ೧೮ ಮೀಟರು, ಸಾಂದ್ರತೆ ೦.೬೪ ಎಂದಿಟ್ಟುಕೊಂಡರೆ ಸುಮಾರು ೨೫೩ ಕಿಲೋಗ್ರಾಂ ಬರುವುದು. ಅದೇ ಅಳತೆಯ ಮೆದುಮರದ ಸಾಂದ್ರತೆ ೦.೩೨ ಆದರೆ ೧೨೯ ಮಾತ್ರ. ಮೃದುತ್ವ ಕಠಿನತ್ವಗಳ ಹಳೆಯ ವಿವೇಕವು ಇಲ್ಲಿ ಅಂಕಿಯಾಗಿ ಹಿಂದಿರುಗಿದೆ. ಎತ್ತರವನ್ನು ಹತ್ತಕ್ಕೆ ಒಂದರಷ್ಟು ಹೆಚ್ಚಾಗಿ ಅಳೆದರೆ ತೂಕವೂ ಬಹುಮಟ್ಟಿಗೆ ಅಷ್ಟೇ ಹೆಚ್ಚುವುದು. ವ್ಯಾಸದಲ್ಲಿ ಅದೇ ತಪ್ಪಾದರೆ ತೂಕವು ನೂರಕ್ಕೆ ಇಪ್ಪತ್ತರಷ್ಟು ಏರುವುದು.

ಈ ಸೂತ್ರವನ್ನು ಮಂಡಿಕಲ್ಲಿನ ತೋಪಿಗೆ ಹಚ್ಚುವಾಗ ಎಚ್ಚರ ಬೇಕು. ಷಾವ್ ಪಂಡಿತನ ಸಂಗ್ರಹದಲ್ಲಿ ನೆಟ್ಟು ಬೆಳೆಸಿದ ತೋಪುಗಳಿಗೆ ಸ್ಥಾನವಿಲ್ಲ. ಇಲ್ಲಿಯ ನೀಲಗಿರಿಯಾದರೋ ನೆಟ್ಟ ಮರವೇ. ‘ಮೈಸೂರು ಗಮ್’ ಎಂದು ಹೆಸರಾದ ಈ ತಳಿಯ ಮೂಲವು ಸಮೀಪದ ನಂದಿಬೆಟ್ಟದ ಹಳೆಯ ಮರಗಳೆಂದೂ, ಅವನ್ನು ಸುಮಾರು ೧೭೯೦ರಲ್ಲಿ ಟಿಪ್ಪು ಸುಲ್ತಾನನು ನೆಡಿಸಿದನೆಂದೂ ಪ್ರತೀತಿ. ಇದರಲ್ಲಿ ಎರಡನೆಯ ಮಾತನ್ನು ಆಧಾರವಿಲ್ಲದೆ ಅಂಗೀಕರಿಸಲಾಗದು. ಸಿಡ್ನಿಯಲ್ಲಿ ಇಂಗ್ಲಿಷರ ವಸತಿ ನೆಲೆಗೊಂಡುದೂ ಈ ಕುಲಕ್ಕೆ ಯೂಕಲಿಪ್ಟಸ್ ಎಂದು ನಾಮಕರಣವಾದುದೂ ೧೭೮೮ರಲ್ಲಿ. ನಂದಿದುರ್ಗವು ಕಾರ್ನ್‌ವಾಲಿಸನ ಸೈನ್ಯದ ವಶವಾದುದು ೧೭೯೧ರಲ್ಲಿ. ನಡುವಣ ಅವಧಿ ತೀರ ಕಿರಿದು.

ಇನ್ನೂ ಒಂದು ತೊಡಕುಂಟು. ಕಡಿದ ನೀಲಗಿರಿಯ ಬುಡದಿಂದ ಕೂಳೆಚಿಗುರುಗಳು ಹಲವಾಗಿ ಏಳುತ್ತವೆ. ಹತ್ತು ಸೆಂಟಿಮೀಟರು ವ್ಯಾಸದ ಮೂರು ಕಾಂಡಗಳಿದ್ದರೆ ವರ್ಗಗಳ ಮೊತ್ತ ೩೦೦. ವ್ಯಾಸಗಳನ್ನೇ ಕೂಡಿ ವರ್ಗಿಸಿದವನಿಗೆ ೯೦೦ ದೊರೆಯುವುದು. ಒಂದೊಂದು ಕಾಂಡವನ್ನೂ ಬೇರೆಯಾಗಿ ಎಣಿಸದಿದ್ದರೆ ತೂಕ ಮೂರ್ಮಡಿಯಾಗಿಬಿಡುತ್ತದೆ. ಹಳೆಯ ಹುಣಿಸೆಯ ತೋಪುಗಳಲ್ಲಿ ಇದಕ್ಕೆ ವಿಪರೀತವಾದ ಮೋಸ: ಹೊರಗೆ ಸುತ್ತಳತೆ ಪೂರ್ಣ, ಒಳಗೆ ಪೊಟರೆ. ಇಂಥಲ್ಲಿ ಆಯಾ ತೋಪಿನ ಕೆಲವು ಮರಗಳನ್ನು ಕಡಿದು ತೂಗಿ ಸೂತ್ರವನ್ನು ತಿದ್ದಿಕೊಳ್ಳುವುದೇ ಸರಿಯಾದ ಮಾರ್ಗ. ಅಂತರ್ಜಲದ ಕೊರತೆಯನ್ನು ಕಾರಣವಾಗಿಟ್ಟು ೨೦೧೭ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದಕ್ಕೆ ಮೊದಲೇ ನೆಟ್ಟ ಬುಡಗಳಿಂದ ಕೂಳೆ ಎದ್ದಿರುವ ತೋಪುಗಳಲ್ಲಿ ಮಾತ್ರ, ಒಂದು ಬುಡಕ್ಕೆ ಎಷ್ಟು ಕಾಂಡಗಳೆಂಬ ಎಣಿಕೆಯಿಂದಲೇ ತೂಕದ ಲೆಕ್ಕ ಆರಂಭವಾಗಬೇಕು.